ಚೀನೀ ಅಕ್ಷರದ ದೊಡ್ಡಮನೆ

ಮುಳಬಾಗಿಲಿನಿಂದ ಆವನಿಯ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಹುಣಸೇಕುಪ್ಪವೆಂಬ ಊರು. ಅಲ್ಲಿನ ದೊಡ್ಡವೆಂಕಟಪ್ಪ ಆಳು ಗಿಡ್ಡ. ಅವನ ತಮ್ಮ ಚಿಕ್ಕವೆಂಕಟಪ್ಪ ಯಾರ ಮನೆಯ ಬಾಗಿಲು ದಾಟಬೇಕಾದರೂ ತಲೆ ತಗ್ಗಿಸಬೇಕಾದಷ್ಟು ಎತ್ತರ. ಅವರ ಅಪ್ಪ ಇಬ್ಬರು ಮಕ್ಕಳಿಗೂ ಒಂದೇ ಮನೆದೇವರ ಹೆಸರಿಟ್ಟು, ಊರಿನವರಿಗೆ ಗುರುತು ಸಿಗಲೆಂದು ಒಬ್ಬನಿಗೆ ದೊಡ್ಡ, ಇನ್ನೊಬ್ಬನಿಗೆ ಚಿಕ್ಕ ಎಂದು ಸೇರಿಸಿ, ತನ್ನ ಕರ್ತವ್ಯ ಮುಗಿಯಿತೆಂದು ತೀರಿಕೊಂಡಿದ್ದ. ಪರಊರಿನವರು ಮಾತ್ರ ಅಣ್ಣತಮ್ಮಂದಿರು ಒಟ್ಟಿಗೆ ನಿಂತದ್ದನ್ನು ಕಂಡರೆ ಹೆಸರುಗಳನ್ನು ತಾವಾಗಿಯೇ ಅದಲುಬದಲು ಮಾಡಿ ಕರೆಯುತ್ತಿದ್ದರು. ದೊಡ್ಡವೆಂಕಟಪ್ಪನಿಗೆ ಇದು ಸಹಿಸಿ ಅಭ್ಯಾಸವಾಗಿತ್ತು. ಅವನು ಸಹಿಸಲಾರದೇ ಹೋದದ್ದು ಮನೆಯ ವಿಷಯವನ್ನು.

ಅಪ್ಪನ ಕಾಲದಿಂದ ಅವರ ಮನೆಗೆ ದೊಡ್ಡಮನೆ ಎಂದು ಹೆಸರು. ಊರಿನ ಮದುವೆಯಲ್ಲಿ ಮೊದಲ ವೀಳ್ಯ ದೊಡ್ಡಮನೆಗೆ. ಅಧಿಕಾರಿಗಳು ಬಂದರೆ ಇಳಿದುಕೊಳ್ಳುವುದು ದೊಡ್ಡಮನೆಯಲ್ಲಿ. ಪಾಲಾದಾಗ ಆ ಹಳೆಯ ಮನೆ ದೊಡ್ಡವೆಂಕಟಪ್ಪನ ಪಾಲಿಗೆ ಬಂತು. ಚಿಕ್ಕವೆಂಕಟಪ್ಪ ಜಗಳವಾಡಲಿಲ್ಲ, ಪಕ್ಕದಲ್ಲೇ ಮಂಗಳೂರು ಹೆಂಚಿನ ಮಹಡಿಮನೆ ಕಟ್ಟಿಸಿದ. ಅಷ್ಟೇ. ದೊಡ್ಡಮನೆ ಎನ್ನುವ ಮಾತು ತಾನೇ ಗೋಡೆ ಹಾರಿ, ಯಾರಿಗೂ ಸದ್ದು ಕೇಳದಂತೆ, ಆ ಕಡೆಗೆ ಹೋಗಿ ಕೂತುಬಿಟ್ಟಿತು.

ಇದು ದೊಡ್ಡವೆಂಕಟಪ್ಪನಿಗೆ ತಿಳಿದದ್ದು ಚೀನಾದ ಮೇಲೆ ಜಪಾನಿನವರು ಬಿದ್ದರಲ್ಲ, ಅದರ ಮಾರನೆಯ ವರ್ಷ, ತಳವಾರ ಕದಿರಪ್ಪ ಕೋಲು ಊರಿಕೊಂಡು ಅವನ ಜಗಲಿಯ ಮುಂದೆಯೇ ನಡೆದುಹೋದ ಬೆಳಿಗ್ಗೆ.

"ಲೇ ಕದಿರಪ್ಪ, ಎಲ್ಲಿಗ್ಲಾ ಹೊರಟೆ?"

"ದೊಡ್ಡಮನೆಗೆ ಯಜಮಾನ್ರೇ. ಬರೋ ತಿಂಗಳು ಅಮಲ್ದಾರ್ರು ಬರ್ತಾವ್ರಂತೆ. ಮೊಕ್ಕಾಂ ದೊಡ್ಡಮನೇಲಿ, ಹೋಗಿ ಹೇಳ್ಬುಟ್ಟು ಬಾ ಅಂದವ್ರೆ."

"ಹೇಳು ಮತ್ತೆ. ಕೇಳಿಸ್ಕೊಳ್ತಾ ಇದ್ದೀನಿ."

ಕದಿರಪ್ಪ ಅವನನ್ನು ನೋಡಿದ, ತಗ್ಗಾದ ಸೂರನ್ನು ನೋಡಿದ, ತನ್ನ ಕಾಲುಬೆರಳನ್ನು ನೋಡಿಕೊಂಡ. "ದೊಡ್ಡಮನೇಗೆ ಹೇಳ್ಬೇಕು ಯಜಮಾನ್ರೇ," ಎಂದು ಇನ್ನೊಮ್ಮೆ, ಕಿವುಡರಿಗೆ ಹೇಳುವಂತೆ ಹೇಳಿದ.

"ಇದೇ ಕಣೋ ದೊಡ್ಡಮನೆ!"

"ಹೌದಾ?" ಕದಿರಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಮಹಡಿಯ ಕಡೆಗೆ ಕೋಲು ತೋರಿಸಿ, "ಹಂಗಾದ್ರೆ ಅದ್ಯಾವ್ದು?" ಎಂದ.

ದೊಡ್ಡವೆಂಕಟಪ್ಪ ಒಳಗೆ ಬಂದು ಹೆಂಡತಿಯ ಮುಂದೆ ಕೂತ. ಅವಳು ವೆಂಕಟರತ್ನಮ್ಮ, ಶ್ರೀನಿವಾಸಪುರದ ಕಡೆಯವಳು. ಅವರೇಕಾಯಿ ಸುಲಿಯುತ್ತಲೇ ಎಲ್ಲ ಕೇಳಿ, "ಅದಕ್ಕೇನಂತೆ, ಗೋಡೆ ಮೇಲೆ ದೊಡ್ಡಮನೆ ಅಂತ ಬರೆಸಿಬಿಡಿ. ಓದ್ಕೊಂಡು ಬರ್ತಾರೆ," ಎಂದಳು.

"ನಿಂಗೇನು ಗೊತ್ತೇ? ನಾನು ಕನ್ನಡದಲ್ಲಿ ಬರೆಸಿದ್ರೆ ಅವನು ನಾಳೆ ಅದಕ್ಕಿಂತ ದೊಡ್ಡಕ್ಷರದಲ್ಲಿ ಬರೆಸ್ತಾನೆ. ತೆಲುಗಲ್ಲಿ ಬರೆಸಿದ್ರೆ ತೆಲುಗಲ್ಲಿ ಬರೆಸ್ತಾನೆ. ಇಂಗ್ಲಿಷಲ್ಲಿ ಬರೆಸೋಣ ಅಂದ್ರೆ ಅವನ ಭಾವಮೈದ ಮಾಲೂರಲ್ಲಿ ಮೇಷ್ಟ್ರು, ಬಂದು ತಪ್ಪು ಹುಡುಕ್ತಾನೆ."

ಈ ವಾದದಲ್ಲಿ ತೂಕವಿತ್ತು. ಯಾರೂ ಓದಲಾರದ ಅಕ್ಷರದಲ್ಲಿ ಯಾರೂ ತಪ್ಪು ಹುಡುಕಲಾರರು. ಎಷ್ಟೋ ಪಂಡಿತರ ಮರ್ಯಾದೆ ನಿಂತಿರುವುದೇ ಇದರ ಮೇಲೆ. ಆದರೆ ದೊಡ್ಡವೆಂಕಟಪ್ಪ ಅದನ್ನು ಯಾರ ಸಹಾಯವೂ ಇಲ್ಲದೆ ತಾನೇ ಕಂಡುಕೊಂಡನೆಂಬುದನ್ನು ಒಪ್ಪಬೇಕು.

ಅಂಥ ಅಕ್ಷರ ಆ ವಾರವೇ ಸೈಕಲ್ಲಿನ ಮೇಲೆ ಬಂತು. ವರ್ಷಕ್ಕೊಮ್ಮೆ ಒಬ್ಬ ಚೀನಾದವನು ರೇಷ್ಮೆಯ ಗಂಟು ಹೇರಿಕೊಂಡು ಆ ಕಡೆಯ ಊರುಗಳಿಗೆಲ್ಲ ಬರುತ್ತಿದ್ದ. ಅವನ ಹೆಸರು ಯಾರ ನಾಲಿಗೆಗೂ ಹತ್ತದ್ದರಿಂದ, ಬಟ್ಟೆ ಮಾರುವವನಲ್ಲವೇ ಎಂದು ಊರಿನವರು ಚೀನಾಶೆಟ್ಟಿ ಎಂದು ಕರೆದರು. ಅವನೂ ಅದಕ್ಕೆ ಓಗೊಡುತ್ತಿದ್ದ. ಮದನಪಲ್ಲಿ, ಪುಂಗನೂರುಗಳಲ್ಲಿ ತಿರುಗಿ ನಾಲ್ಕು ತೆಲುಗು ಮಾತು ಕಲಿತಿದ್ದ. ಹುಣಸೇಕುಪ್ಪದಲ್ಲಿ ತೆಲುಗು ಬಾರದವರು ಎಮ್ಮೆಗಳು ಮಾತ್ರ. ಆದ್ದರಿಂದ ವ್ಯಾಪಾರಕ್ಕೆ ತೊಂದರೆ ಇರಲಿಲ್ಲ.

ರೇಷ್ಮೆಯ ಸುರುಳಿಗೆ ಅಂಟಿಸಿದ್ದ ಚೀಟಿಯ ಮೇಲೆ ಕಂಬಳಿಹುಳುಗಳು ಸಾಲಾಗಿ ಹೊರಟಂತೆ ಇದ್ದ ಅಕ್ಷರ ಕಂಡು ದೊಡ್ಡವೆಂಕಟಪ್ಪ ಎದ್ದುನಿಂತ.

"ಶೆಟ್ರೇ, ಇದರಲ್ಲಿ ನನ್ನ ಗೋಡೆ ಮೇಲೆ ಬರೀತೀರಾ? ಪೆದ್ದ ಇಲ್ಲು ಅಂತ?"

ತೆಲುಗಿನಲ್ಲಿ ಪೆದ್ದ ಎಂದರೆ ದೊಡ್ಡ. ಇಲ್ಲು ಎಂದರೆ ಮನೆ. ಚೀನಾಶೆಟ್ಟಿ ಸೂರನ್ನು ನೋಡಿದ, ಯಜಮಾನನ ಎತ್ತರ ನೋಡಿದ. ವ್ಯಾಪಾರಸ್ಥನಾದ್ದರಿಂದ ನೋಡಿದ್ದನ್ನು ಹೇಳಲಿಲ್ಲ. "ಪೆದ್ದ. ಇಲ್ಲು. ಮಂಚಿದಿ," ಎಂದು, ಒಳ್ಳೆಯದೆಂಬಂತೆ ತಲೆಯಾಡಿಸಿ, ರವಿಕೆಗೆ ಒಳ್ಳೆಯ ರೇಷ್ಮೆ ಇದೆಯೆಂದು ವೆಂಕಟರತ್ನಮ್ಮನಿಗೆ ಮೊದಲು ತೋರಿಸಿದ. ಅವಳು ರೇಷ್ಮೆ ಆರಿಸಿಕೊಂಡ ಮೇಲೆಯೇ ದೀಪದ ಮಸಿಗೆ ಹರಳೆಣ್ಣೆ ಕಲಸಿ, ಬಾಗಿಲಿನ ಪಕ್ಕದ ಸುಣ್ಣದ ಗೋಡೆಯ ಮೇಲೆ ಎರಡು ಅಕ್ಷರ ಬರೆದ.

ಮೊದಲನೆಯದನ್ನು ತಾನೇ ಅಭಿನಯಿಸಿ ತೋರಿಸಿದ. ಮನುಷ್ಯ ಕಾಲು ಅಗಲಿಸಿ, ಎರಡು ಕೈ ಚಾಚಿ ನಿಂತರೆ ಪೆದ್ದ. ದೊಡ್ಡವೆಂಕಟಪ್ಪನೂ ಜಗಲಿಯ ಮೇಲೆ ಹಾಗೆಯೇ ನಿಂತ. ಎದುರುಮನೆಯ ಬೈರಮ್ಮ ಸಗಣಿ ತಟ್ಟುವುದನ್ನು ಬಿಟ್ಟು, "ಏನ್ ಯಜಮಾನ್ರೇ, ಯಾವ ಕಾಗೆ ಓಡುಸ್ತಾ ಇದ್ದೀರಾ?" ಎಂದು ಕೇಳಿದಳು.

"ಕಾಗೆಯಲ್ಲ ಕಣಮ್ಮ. ಅಕ್ಷರ."

ಎರಡನೆಯ ಅಕ್ಷರಕ್ಕೆ ಗೆರೆಗಳು ಬಹಳ. ಅದನ್ನು ಚೀನಾಶೆಟ್ಟಿ ಅಭಿನಯಿಸಲಿಲ್ಲ. "ಇಲ್ಲು," ಎಂದಷ್ಟೇ ಹೇಳಿ ಗಂಟು ಕಟ್ಟಿದ.

ಊರು ನೋಡಲು ಬಂತು. ದೊಡ್ಡವೆಂಕಟಪ್ಪ ಬಂದವರಿಗೆಲ್ಲ ವಿವರಿಸಿದ. "ನಾವು ದೊಡ್ಡಮನೆ ಅನ್ನೋಕೆ ನಾಲ್ಕು ಅಕ್ಷರ ಖರ್ಚು ಮಾಡ್ತೀವಿ. ಅವರಿಗೆ ಎರಡೇ ಸಾಕು. ಒಂದಕ್ಷರಕ್ಕೆ ಒಂದು ಮಾತು! ಅಲ್ಲಿ ಇದನ್ನ ಬರೆಸಬೇಕಾದ್ರೆ ರಾಜರ ಅಪ್ಪಣೆ ಬೇಕಂತೆ." ಅಪ್ಪಣೆಯ ಸಂಗತಿಯನ್ನು ಚೀನಾಶೆಟ್ಟಿ ಹೇಳಿರಲಿಲ್ಲ. ಆದರೆ ಕೇಳುವವರ ಮುಖ ಆ ಮಾತನ್ನು ಬೇಡುತ್ತಿತ್ತು. ಕದಿರಪ್ಪನಂತೂ ಅಕ್ಷರದ ಮುಂದೆ ಚಪ್ಪಲಿ ಬಿಟ್ಟು ನಿಂತು, ಅಮಲ್ದಾರರನ್ನು ಇಲ್ಲಿಗೇ ಕರೆತರುತ್ತೇನೆಂದು ಮಾತು ಕೊಟ್ಟು ಹೋದ.

ಗೋಡೆಯಾಚೆ ತಮ್ಮನ ಹೆಂಡತಿ ಶ್ಯಾಮಲಮ್ಮ ಗಂಡನಿಗೆ, "ನೀವೂ ಬರೆಸಬಾರದಾ?" ಎಂದದ್ದು ಈಚೆಗೂ ಕೇಳಿಸಿತು. ಚಿಕ್ಕವೆಂಕಟಪ್ಪ ಉತ್ತರ ಕೊಟ್ಟದ್ದು ಕೇಳಿಸಲಿಲ್ಲ. ಎತ್ತರದವರು ನಿಧಾನವಾಗಿ ಯೋಚಿಸುತ್ತಾರೆ.

ಆವನಿಯ ಸಂತೆಯಲ್ಲಿ ಬೈರಮ್ಮ ಚೀನಾಶೆಟ್ಟಿಯನ್ನು ಹಿಡಿದುಕೊಂಡಳು. ಅವಳಿಗೆ ದ್ವೇಷವೇನೂ ಇರಲಿಲ್ಲ. ಎದುರುಮನೆಯ ಗೋಡೆಯನ್ನು ದಿನವೂ ನೋಡಬೇಕಾದವಳಿಗೆ ಅದರಲ್ಲೇನಿದೆಯೆಂದು ತಿಳಿಯುವ ಹಕ್ಕಿದೆ. ಆ ಎರಡನೇದು ಏನಪ್ಪಾ ಎಂದು ಕೇಳಿದಳು. ಅವನು ಕಡ್ಡಿಯಿಂದ ಮಣ್ಣಿನ ಮೇಲೆ ಬರೆದು ತೋರಿಸಿದ. ಮೇಲಿನದು ಸೂರು. ಸೂರಿನ ಕೆಳಗೆ?

"ಪಂದಿ," ಎಂದ ಚೀನಾಶೆಟ್ಟಿ ಸರಳವಾಗಿ. ಅವನ ದೇಶದಲ್ಲಿ ಸೂರಿನ ಕೆಳಗೆ ಪಂದಿ ಇದ್ದರೇ ಅದು ಮನೆ.

ತೆಲುಗಿನ ಪಂದಿಗೂ ಕನ್ನಡದ ಹಂದಿಗೂ ನಡುವೆ ಒಂದೇ ಅಕ್ಷರದ ದೂರ. ಭಾಷಾಂತರದಲ್ಲಿ ತಪ್ಪಾಗಿರಬಹುದೆಂದು ವಾದಿಸಲು ದೇವರು ಎಲ್ಲಿಯೂ ಜಾಗ ಬಿಟ್ಟಿರಲಿಲ್ಲ.

ಬೈರಮ್ಮ ಸಂತೆಯ ಸೊಪ್ಪನ್ನು ಮನೆಯಲ್ಲಿ ಕೂಡ ಇಳಿಸದೆ ನೇರವಾಗಿ ಬಂದಳು. "ವೆಂಕಟರತ್ನಮ್ಮೋ! ನಿಮ್ಮ ಗೋಡೇಲಿ ಹಂದಿ ಐತಂತೆ ಕಣಮ್ಮ!"

ಸಂಜೆಯ ಹೊತ್ತಿಗೆ ಚಿಕ್ಕವೆಂಕಟಪ್ಪ ಗೋಡೆಯ ಪಕ್ಕ ಎತ್ತಿನ ಮೈ ತಿಕ್ಕುತ್ತ, ಎತ್ತಿಗೆ ದೊಡ್ಡ ದನಿಯಲ್ಲಿ ಬುದ್ಧಿ ಹೇಳುತ್ತಿದ್ದ. ಪಾಲಾದ ಮೇಲೆ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನೆಲ್ಲ ದನಗಳಿಗೆ ಹೇಳುವುದು ವಾಡಿಕೆಯಾಗಿತ್ತು. "ನೀನೇ ವಾಸಿ ಕಣೋ ಬಸವಾ. ನಿನ್ನನ್ನ ಕೊಟ್ಟಿಗೇಲಿ ಕಟ್ಟಿದ್ದೀವಿ. ಕೆಲವರು ಏನೇನನ್ನೋ ಬಾಗಿಲ ಮುಂದೇನೇ ಕಟ್ಕೊಂಡವ್ರೆ. ಊರಿಗೆಲ್ಲಾ ಗೊತ್ತಾಗ್ಲಿ ಅಂತ ಮಸೀಲಿ ಬೇರೆ ಬರ್ಸವ್ರೆ."

"ಅಳಿಸಿಬಿಡಿ," ಎಂದಳು ವೆಂಕಟರತ್ನಮ್ಮ.

"ಅಳಿಸಿದ್ರೆ ಒಪ್ಕೊಂಡಂಗಾಯ್ತು. ಅಮಲ್ದಾರ್ರು ಅವನ ಮನೇಲಿ ಇಳೀತಾರೆ. ಆಮೇಲೆ ನಾವು ಸಾಯೋತನಕ ಹಳೇಮನೆ."

"ಇಟ್ಕೊಂಡ್ರೆ ಹಂದಿಮನೆ."

ದೊಡ್ಡವೆಂಕಟಪ್ಪ ಊಟ ಬಿಟ್ಟು ಯೋಚಿಸಿದ. ಆಮೇಲೆ, ಯೋಚನೆ ಹೊಳೆದದ್ದರಿಂದ, ಊಟ ಮಾಡಿದ. ಬೆಳಿಗ್ಗೆ ಜಗಲಿಯ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಶುರುಮಾಡಿದ.

"ಮುಳುಗಿದ ಭೂಮೀನ ಹಲ್ಲಿನ ಮೇಲೆ ಎತ್ತಿದ್ದು ಯಾರಪ್ಪಾ? ಎತ್ತಾ? ಎಮ್ಮೆಯಾ? ಹಂದಿ ಅಂತ ನಗ್ತೀರಾ? ವರಾಹಸ್ವಾಮೀನ ನೋಡಿ ನಗ್ತೀರಾ? ನಗಿ, ನಗಿ. ಬೆಳೆ ಬರೋವಾಗ ಗೊತ್ತಾಗ್ತದೆ."

ಬೀದಿ ತಟ್ಟನೆ ಗಂಭೀರವಾಯಿತು. ಬೆಳೆಯ ಮಾತು ಬಂದರೆ ರೈತರು ನಗುವುದಿಲ್ಲ. ಶನಿವಾರ ಒಬ್ಬಳು ಹೂವು ತಂದಳು. ಮುಂದಿನ ಶನಿವಾರ ಹೆಂಗಸರ ಸಾಲೇ ಬಂತು. ಎರಡನೆಯ ಅಕ್ಷರ ವರಾಹಸ್ವಾಮಿಯಾದ ಮೇಲೆ, ಕೈ ಚಾಚಿ ನಿಂತ ಮೊದಲನೆಯದು ಭಕ್ತನಾಗಲೇಬೇಕಷ್ಟೆ, ಹಾಗೆಯೇ ಆಯಿತು. ಎಲ್ಲರಿಗಿಂತ ಮುಂದೆ ನಿಂತು ಆರತಿ ಎತ್ತಿದವಳು ಬೈರಮ್ಮ. ಸಂತೆಯಿಂದ ದೇವರನ್ನು ಹೊತ್ತು ತಂದವಳು ತಾನೇ ಎಂಬುದನ್ನು ಅವಳು ಯಾರಿಗೂ ಮರೆಯಗೊಡಲಿಲ್ಲ. ಭಕ್ತನ ಹಣೆಗೆ ಕುಂಕುಮ ಇಡಹೋಗಿ, ತಲೆಯ ಗೆರೆ ಪೊರಕೆಕಡ್ಡಿಯಷ್ಟೇ ಇದ್ದದ್ದರಿಂದ, "ಇಷ್ಟೇ ಇಷ್ಟು ತಲೆ ಇಟ್ಕೊಂಡವ್ನೆ ಮುಂಡೇದು," ಎಂದು ಗೊಣಗಿ, ಬಲಗಡೆಗೆ, ಭುಜದ ಮೇಲೆ, ದುಂಡಗೆ ಒಂದು ಬೊಟ್ಟು ಇಟ್ಟಳು.

ಅಮಲ್ದಾರರು ಬಂದರು. ಮೈಸೂರಿನವರು, ಬಿ.ಎ. ಪ್ಯಾಸಾದವರು, ಮುಳಬಾಗಿಲಿಗೆ ಹೊಸದಾಗಿ ವರ್ಗವಾಗಿ ಬಂದವರು. ತೆಲುಗು ಒಂದಕ್ಷರ ತಿಳಿಯದು; ಅದನ್ನು ಒಪ್ಪಿಕೊಳ್ಳುವುದಂತೂ ತಿಳಿಯದು. ಹಿಂದೆ ಗುಮಾಸ್ತ, ಬಿಲ್ಲೆ ತೊಟ್ಟ ಜವಾನರಾದ ಇಬ್ಬರು ದಲಾಯತರು, ಅಡಿಗೆಯವನು, ದಫ್ತರದ ಪೆಟ್ಟಿಗೆ ಹೊತ್ತವರು, ಅವರ ಹಿಂದೆ ಸುತ್ತಲ ಹಳ್ಳಿಗಳ ಅರ್ಜಿದಾರರು. ಮಹಡಿಮನೆಯಲ್ಲಿ ಜಮಖಾನ ಹಾಸಿ, ಕೋಲಾರದಿಂದ ತರಿಸಿದ ಕುರ್ಚಿ ಹಾಕಿ, ಬೆಳ್ಳಿಯ ಲೋಟದ ಪಕ್ಕದಲ್ಲಿ ಚಿಕ್ಕವೆಂಕಟಪ್ಪ ಕಾದಿದ್ದ. ಹಳೆಯ ಮನೆಯ ಮುಂದೆ ದೊಡ್ಡವೆಂಕಟಪ್ಪ ರುಮಾಲು ಸುತ್ತಿ ನಿಂತಿದ್ದ. ಕದಿರಪ್ಪ ಮಾತು ಉಳಿಸಿಕೊಂಡು, ಅಮಲ್ದಾರರನ್ನು ನೇರವಾಗಿ ಅಕ್ಷರದ ಮುಂದೆ ತಂದು ನಿಲ್ಲಿಸಿದ.

ಅಮಲ್ದಾರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆವನಿಯ ಕಡೆ ಶಾಸನಗಳಿವೆಯೆಂದು ಅವರು ಕೇಳಿದ್ದರು. "ಗಂಗರ ಕಾಲದ್ದು," ಎಂದರು. ಗುಮಾಸ್ತ, "ಹೌದು ಸ್ವಾಮಿ, ಗಂಗರ ಕಾಲದ್ದೇ," ಎಂದ. ಅವರು ಬೆರಳಿನಿಂದ ಮುಟ್ಟಿ ನೋಡಿದರು, ಬೆರಳು ಕಪ್ಪಾಯಿತು. "ಇಷ್ಟು ಶತಮಾನವಾದರೂ ಮಸಿ ಒಣಗಿಲ್ಲ! ಆ ಕಾಲದ ಕೌಶಲ ನೋಡಿ," ಎಂದರು.

"ಶಾಸನ ಅಲ್ಲ ಸ್ವಾಮಿ!" ಚಿಕ್ಕವೆಂಕಟಪ್ಪ ಜನರ ತಲೆಯ ಮೇಲಿಂದ ಕೂಗಿದ. ನಿಧಾನವಾಗಿ ಯೋಚಿಸುವವನ ಯೋಚನೆ ಆ ದಿನಕ್ಕೆ ಸರಿಯಾಗಿ ಮುಗಿದಿತ್ತು. ಮುಳಬಾಗಿಲಿಗೆ ಹೋಗಿ ಚೀನಾಶೆಟ್ಟಿಯನ್ನೇ ಹುಡುಕಿ ಕರೆತಂದಿದ್ದ. "ಬರೆದೋನೇ ಬಂದವ್ನೆ. ಅವನ ಬಾಯಲ್ಲೇ ಕೇಳಿ, ನಮ್ಮಣ್ಣ ಗೋಡೇಲಿ ಏನು ಸಾಕಿದ್ದಾನೆ ಅಂತ."

"ಇವನು ಜಪಾನಿನವನೋ?" ಎಂದರು ಅಮಲ್ದಾರರು.

ಚೀನಾಶೆಟ್ಟಿ ಗಂಟನ್ನು ಸೈಕಲ್ಲಿಗೆ ಕಟ್ಟತೊಡಗಿದ. ಚಿಕ್ಕವೆಂಕಟಪ್ಪ ಓಡಿಹೋಗಿ ಹ್ಯಾಂಡಲ್ ಹಿಡಿದುಕೊಂಡ. ಚೀನಾ, ಚೀನಾ, ಎಂದು ಊರೇ ಅಮಲ್ದಾರರನ್ನು ತಿದ್ದಿತು. ಅಮಲ್ದಾರರು, "ಸರಿ, ಚೀನಾ. ನಾನೂ ಅದನ್ನೇ ಕೇಳಿದ್ದು," ಎಂದ ಮೇಲೆ ಅವನು ಗಂಟು ಬಿಟ್ಟು ಗೋಡೆಯ ಹತ್ತಿರ ಬಂದ. ಬಂದವನು ಬೆಚ್ಚಿ ಹಿಂದಕ್ಕೆ ಸರಿದ.

"ಕುಕ್ಕ!"

ಬೀದಿಯಲ್ಲಿ ನಗೆ ಸಿಡಿಯಿತು. "ನಾಯಿ ಅಂತೆ ಸ್ವಾಮಿ!" ಚಿಕ್ಕವೆಂಕಟಪ್ಪ ಆನಂದದಿಂದ ತೆಲುಗನ್ನು ಕನ್ನಡ ಮಾಡಿದ. "ಹಂದಿ ಅಷ್ಟೇ ಅನ್ಕೊಂಡಿದ್ದೆ. ನಾಯೀನೂ ಐತೆ!"

ದೊಡ್ಡವೆಂಕಟಪ್ಪನ ರುಮಾಲು ಜಾರಿ ಕಿವಿಯ ಮೇಲೆ ಬಂತು. ಆದರೆ ಚೀನಾಶೆಟ್ಟಿಗೆ ನಗು ಬಂದಿರಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು. ಕುಂಕುಮದ ಬೊಟ್ಟಿನ ಮೇಲೆ ಬೆರಳಿಟ್ಟು, ಇದನ್ನು ಇಟ್ಟವರು ಯಾರೆಂದು ಊರಿನವರನ್ನೆಲ್ಲ ಕಣ್ಣಿನಿಂದಲೇ ಕೇಳಿದ. ಚೀನೀ ಅಕ್ಷರದಲ್ಲಿ ಕೈ ಚಾಚಿದ ಮನುಷ್ಯನ ಭುಜದ ಮೇಲೆ ಒಂದು ಚುಕ್ಕೆ ಬಿದ್ದರೆ ಸಾಕು, ಅವನು ನಾಯಿಯಾಗುತ್ತಾನೆ. ಬೈರಮ್ಮ ಮೆಲ್ಲಗೆ ಇನ್ನೊಬ್ಬಳ ಹಿಂದೆ ಸರಿದಳು. ಚೀನಾಶೆಟ್ಟಿ ತನ್ನ ತೋಳಿನ ಬಟ್ಟೆಯಿಂದ ಬೊಟ್ಟನ್ನು ಒರೆಸಿ, ನಿಟ್ಟುಸಿರುಬಿಟ್ಟು, "ಪೆದ್ದ," ಎಂದ.

"ಪೆದ್ದನೇ?" ಅಮಲ್ದಾರರು ಹುಬ್ಬೇರಿಸಿದರು. ಅವರು ಬಲ್ಲ ಕನ್ನಡದಲ್ಲಿ ಆ ಮಾತಿಗೆ ಒಂದೇ ಅರ್ಥ. "ಯಾರು ಪೆದ್ದ?"

ದೊಡ್ಡವೆಂಕಟಪ್ಪ ರುಮಾಲು ಸರಿಮಾಡಿಕೊಂಡು, ಎದೆ ಮುಂದೆ ಮಾಡಿ ಬಂದ. ಇಷ್ಟು ದಿನ ಕಾದದ್ದು ಈ ಪ್ರಶ್ನೆಗಾಗಿಯೇ. "ನಾನೇ ಸ್ವಾಮಿ ಪೆದ್ದ! ಇವನೆಷ್ಟು ಎತ್ತರ ಇದ್ರೂ ಹುಟ್ಟಿನಿಂದ ನಾನೇ ಪೆದ್ದ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ."

"ಕೇಳುವ ಅಗತ್ಯವಿಲ್ಲ," ಎಂದರು ಅಮಲ್ದಾರರು. ಚೀನಾಶೆಟ್ಟಿಯ ಕಡೆ ತಿರುಗಿ, "ಎರಡೂ ಅಕ್ಷರ ಸೇರಿದರೆ ಏನಾಗುತ್ತೆ? ಅದು ಹೇಳಪ್ಪ," ಎಂದರು.

"ಅಂದರು."

"ಯಾರು ಅಂದರು?"

"ಅಂದರು!"

"ಅದೇ, ಏನು ಅಂದರು?"

"ಅಂದರು, ಅಂದರು, ಅಂದರು!" ಚೀನಾಶೆಟ್ಟಿ ಎರಡು ತೋಳು ಬೀಸಿ ಇಡೀ ಬೀದಿಯನ್ನು ಸುತ್ತುಹಾಕಿ ತೋರಿಸಿದ. ಗುಮಾಸ್ತ ಹೇಳಿಕೆಯನ್ನು ಬರೆದುಕೊಳ್ಳುತ್ತಿದ್ದವನು, "ಸ್ವಾಮಿ, ಅಂದರು ಎಂದು ಅಂದರು ಅಂತ ಬರೀಲೋ, ಬರೇ ಅಂದರು ಅಂತ ಬರೀಲೋ?" ಎಂದು ಕೇಳಿದ.

ಕದಿರಪ್ಪನಿಗೆ ಅಮಲ್ದಾರರ ಸ್ಥಿತಿ ಕಂಡು ಕನಿಕರವಾಯಿತು. "ಅದು ತೆಲುಗು ಸ್ವಾಮಿ. ಅಂದರು ಅಂದ್ರೆ ಎಲ್ಲಾರೂ ಅಂತ."

"ಎಲ್ಲಾರೂ?" ದೊಡ್ಡವೆಂಕಟಪ್ಪ ಕಿರುಚಿದ. "ಅದೆಂಗಾಗ್ತದೆ? ಒಂದು ಪೆದ್ದ, ಒಂದು ಇಲ್ಲು. ಕೂಡಿದ್ರೆ ಪೆದ್ದ ಇಲ್ಲು! ಎಲ್ಲಾರೂ ಎಲ್ಲಿಂದ ಬಂದ್ರು?"

ಚೀನಾಶೆಟ್ಟಿ ತನ್ನ ನಾಲ್ಕು ತೆಲುಗು ಮಾತನ್ನೆಲ್ಲ ಕೂಡಿಹಾಕಿ ವಿವರಿಸಿದ. ಊರಿನವರು ಒಬ್ಬೊಬ್ಬರಾಗಿ ಅದನ್ನು ಕನ್ನಡಕ್ಕೆ ಎತ್ತಿ ಇಟ್ಟರು. ಅಕ್ಷರ ಒಂಟಿಯಾಗಿದ್ದಾಗ ಒಂದು ಥರ. ಜೊತೆ ಸೇರಿದರೆ ಅದರ ಬುದ್ಧಿಯೇ ಬೇರೆ. ದೊಡ್ಡದರ ಜೊತೆ ಮನುಷ್ಯ ಸೇರಿದರೆ ಅಧಿಕಾರಿ. (ಅಮಲ್ದಾರರು ಇದಕ್ಕೆ ತಲೆದೂಗಿದರು.) ದೊಡ್ಡದರ ಜೊತೆ ಮನೆ ಸೇರಿದರೆ, ಹಳೆಯ ಪುಸ್ತಕಗಳಲ್ಲಿ ದೊಡ್ಡ ಮನೆತನವೆಂದೇ ಅರ್ಥ, ಅವನು ಬರೆದದ್ದು ಅದನ್ನು ನೆನೆದೇ. ಆದರೆ ಬೀದಿಯಲ್ಲಿ ಹೋಗುವ ಯಾವ ಚೀನಾದವನಿಗೆ ತೋರಿಸಿದರೂ ಎಲ್ಲರೂ ಎಂದೇ ಓದುತ್ತಾನೆ. ಅದಕ್ಕೆ ತಾನೇನು ಮಾಡಲಿ? ಅಷ್ಟಕ್ಕೂ ನಿಮ್ಮವರು ಮಾಡುವುದೇನು? ಈ ಎತ್ತರದವನ ಮಕ್ಕಳು ಈ ಗಿಡ್ಡನನ್ನು ದೊಡ್ಡಪ್ಪ ಅನ್ನುತ್ತಾರಂತೆ. ಎಲ್ಲಿದೆ ದೊಡ್ಡದು? ಎಲ್ಲಿದ್ದಾನೆ ಅಪ್ಪ?

ಹುಣಸೇಕುಪ್ಪದವರು ದೊಡ್ಡಪ್ಪ ಎಂಬ ಮಾತನ್ನು ಬಾಯಲ್ಲೇ ಒಡೆದು, ಮತ್ತೆ ಕೂಡಿಸಿ ನೋಡಿದರು.

ಅಮಲ್ದಾರರಿಗೆ ಮಾತ್ರ ಪರಮಾನಂದವಾಯಿತು. ಪ್ರತಿ ಮೊಕ್ಕಾಮಿನಲ್ಲಿಯೂ ಅವರೊಬ್ಬರಿಗೆ ಕುರ್ಚಿ, ಬೆಳ್ಳಿಯ ಲೋಟ ಸಿಗುತ್ತಿತ್ತು. ದಫ್ತರವನ್ನೂ ದಲಾಯತರನ್ನೂ ಎಲ್ಲಿ ತುಂಬುವುದೆಂಬುದೇ ತಲೆನೋವು. "ಭೇಷ್!" ಎಂದು ದೊಡ್ಡವೆಂಕಟಪ್ಪನ ಬೆನ್ನು ತಟ್ಟಿದರು. "ಎಲ್ಲರೂ ಎಂದು ಬಾಗಿಲ ಪಕ್ಕದಲ್ಲೇ ಬರೆಸಿಟ್ಟ ರೈತನನ್ನು ನನ್ನ ಸರ್ವೀಸಿನಲ್ಲಿ ನಾನು ಕಂಡಿಲ್ಲ. ಗುಮಾಸ್ತರೇ, ನಡೀರಿ. ಎಲ್ಲರೂ ಒಳಗೆ ನಡೀರಿ!"

ಎಲ್ಲರೂ ನಡೆದರು. ಅಮಲ್ದಾರರು ನಡುಮನೆಯ ಮಂಚದ ಮೇಲೆ ಕೂತರು. ದಫ್ತರದ ಪೆಟ್ಟಿಗೆ ರಾಗಿಯ ಕಣಜದ ಮೇಲೆ ಕೂತಿತು. ದಲಾಯತರು ಒರಳುಕಲ್ಲಿನ ಮೇಲೆ, ಅರ್ಜಿದಾರರು ಜಗಲಿ, ಪಡಸಾಲೆ, ಕೊಟ್ಟಿಗೆಯ ತುಂಬ. ಅಡಿಗೆಯವನು ವೆಂಕಟರತ್ನಮ್ಮನ ಒಲೆಯ ಮುಂದೆ ನಿಂತು ಅವಳ ಹುಳಿಯಲ್ಲಿ ದೋಷ ಹುಡುಕತೊಡಗಿದ. ಅವಳು ಹೊಸ ರೇಷ್ಮೆ ರವಿಕೆಯ ತೋಳು ಮಡಿಸಿ ಮುದ್ದೆ ಕಟ್ಟುತ್ತ, ಬಾಗಿಲಲ್ಲಿ ಇಣುಕಿದ ಗಂಡನಿಗೆ, "ನೀವೂ ಉಣ್ಣೋಕೆ ಬಂದ್ರಾ? ಎಲ್ಲಾದರೂ ಆಚೆ ಕೂತ್ಕೊಳ್ಳಿ, ನಿಲ್ಲೋಕೂ ಜಾಗ ಇಲ್ಲ," ಎಂದಳು.

ದೊಡ್ಡವೆಂಕಟಪ್ಪ ಜಗಲಿಗೆ ಬಂದ. ಅಲ್ಲಿ ಊರಿನ ನಂಟರ ಮನೆಗೆ ಬಂದಿದ್ದ ಕ್ಯಾಲನೂರಿನವನು ಯಾರೋ ಅರ್ಜಿ ಹಿಡಿದು ಕಾಲು ಚಾಚಿದ್ದ. ಕೊಟ್ಟಿಗೆಗೆ ಹೋದ, ಅಲ್ಲಿ ಎಮ್ಮೆಯೇ ಹೊರಗೆ ನಿಂತಿತ್ತು. ಬೀದಿಯಲ್ಲಿ ನಿಂತರೆ ಬೈರಮ್ಮ ಬೆಳೆಯ ವಿಷಯ ಕೇಳುತ್ತಿದ್ದಳು. ಊರಿನಲ್ಲಿ ಖಾಲಿಯಾಗಿದ್ದ ಜಾಗ ಒಂದೇ.

ಮಹಡಿಮನೆಯ ಜಮಖಾನದ ಅಂಚಿನಲ್ಲಿ ಚಿಕ್ಕವೆಂಕಟಪ್ಪ ಒಬ್ಬನೇ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಅಣ್ಣ ಬಾಗಿಲಲ್ಲಿ ನಿಂತದ್ದನ್ನು ನೋಡಿದ. ಹತ್ತಿರ ದನ ಯಾವುದೂ ಇಲ್ಲದ್ದರಿಂದ ಅಣ್ಣನಿಗೇ ನೇರವಾಗಿ ಹೇಳಬೇಕಾಯಿತು.

"ಬಾ ಅಣ್ಣಯ್ಯ. ಕಾಫಿ ಆರೋಗ್ತಾ ಐತೆ."

"ಆರಿದ್ರೆ ಬಿಸಿ ಮಾಡ್ಸು. ನಾನೇನು ತಣ್ಣಗಿರೋದು ಕುಡಿಯೋಕೆ ಬಂದ್ನಾ?"

"ಬನ್ನಿ ಭಾವ," ಎಂದು ಶ್ಯಾಮಲಮ್ಮ ಬಾಗಿಲ ಮರೆಯಿಂದ ಹೇಳಿದಳು. ಜಮಖಾನದ ನಡುವೆ ಕುರ್ಚಿ ಇತ್ತು. ದೊಡ್ಡವೆಂಕಟಪ್ಪ ಅದರ ಮೇಲೆ ಕೂತ. ಕಾಲು ನೆಲಕ್ಕೆ ಸ್ವಲ್ಪ ಎಟುಕಲಿಲ್ಲ. ಬೆಳ್ಳಿಯ ಲೋಟದಲ್ಲಿ ಕಾಫಿ ಬಂತು, ಅಮಲ್ದಾರರಿಗೆಂದು ಹುರಿದ ಗೋಡಂಬಿ ಬಂತು, ಚಕ್ಕುಲಿ ಬಂತು. ತಮ್ಮ ಬೀಸಣಿಗೆ ತೆಗೆದುಕೊಂಡು ತನಗೆ ಬೀಸಿಕೊಳ್ಳುತ್ತಿದ್ದನಾದರೂ ಗಾಳಿ ಕುರ್ಚಿಯ ಕಡೆಗೂ ಬರುತ್ತಿತ್ತು. ಗೋಡೆಯಾಚೆ ಯಾರೋ ಇನ್ನಷ್ಟು ಹುಳಿ ಕೇಳಿದರು, ಯಾರೋ ಮಜ್ಜಿಗೆ ಕೇಳಿದರು, ಏನೋ ಬಿದ್ದು ಒಡೆಯಿತು.

ಕದಿರಪ್ಪ ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತ. "ಇಲ್ಲಿದ್ದೀರಾ ಯಜಮಾನ್ರೇ! ಅಮಲ್ದಾರ್ರು ಊರೆಲ್ಲಾ ಹುಡುಕಿಸ್ತಾವ್ರೆ. ಎಲ್ಲಾರೂ ಅವ್ರೆ, ಮನೆಯೋರೇ ಇಲ್ವಲ್ಲಾ, ಎಲ್ಲೋದ್ರು ಅಂತ ಕೇಳ್ತಾವ್ರೆ. ಏನ್ ಹೇಳ್ಲಿ?"

ದೊಡ್ಡವೆಂಕಟಪ್ಪನ ಬಾಯಿ ತುಂಬ ಗೋಡಂಬಿ ಇತ್ತು. ಅವನು ಕುರ್ಚಿಗೆ ಒರಗಿ, ನಿಧಾನವಾಗಿ ನುಂಗಿ, ಲೋಟವನ್ನು ತಮ್ಮನ ಕಡೆಗೆ ಚಾಚಿದ.

"ದೊಡ್ಡಮನೇಲಿ ಕಾಫಿ ಕುಡೀತಾ ಕೂತವ್ರೆ, ಆಮೇಲೆ ಬರ್ತಾರೆ ಅಂತ ಹೇಳು ಹೋಗೋ."

ತಮ್ಮನ ಬೀಸಣಿಗೆ ನಿಂತಿತು. ಬಾಗಿಲ ಮರೆಯಲ್ಲಿ ಶ್ಯಾಮಲಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕದಿರಪ್ಪ "ಆಗ್ಲಿ ಯಜಮಾನ್ರೇ" ಎಂದವನೇ ಆ ಮಾತನ್ನು ಎಲ್ಲರಿಗೂ ಮುಟ್ಟಿಸಲು ಓಡಿದ. ದೊಡ್ಡವೆಂಕಟಪ್ಪ ಮಾತ್ರ, "ಈ ಸಲ ಸಕ್ಕರೆ ಸ್ವಲ್ಪ ಜಾಸ್ತಿ ಇರ್ಲಮ್ಮ," ಎಂದ.